ಎತ್ತಲಾ, ಅಜ್ಜಿ?

ಕ್ಯಾಮೆರಾ ನೇತುಹಾಕಿಕೊಂಡು ಬೀದಿಗಿಳಿದರೆ ನನಗೆ ಏನಾದರೊಂದು ಆಗಿಯೇ ತೀರುತ್ತಿತ್ತು. ಬೀದಿ ಅಂದರೆ ಜನ ಓಡಾಡುವ ಜಾಗವೆಲ್ಲ ಬೀದಿಯೇ, ಮೊದಲೇ ಹೇಳಿಬಿಡುತ್ತೇನೆ. ನಾನು ಹಿಂದೆ ಏನೂ ಬರೆದವನಲ್ಲ, ವಿವರಣೆ ಹೆಚ್ಚಾದರೆ ಕ್ಷಮಿಸಿ. ಈ ಮೂರು ಪ್ರಸಂಗಗಳು ತೊಂಬತ್ತರ ದಶಕದವು. ಆಗ ನಾನು ತಮಿಳುನಾಡಿನ ಮೆಟ್ಟೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಕ್ಯಾಮೆರಾ ನನ್ನದಲ್ಲ, ಸೇಲಂನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ, ನಾನು ಅಣ್ಣ ಅನ್ನುತ್ತಿದ್ದವರದು.

೧. ಬೆನ್ನುಗಳು

ಜನರ ಎದುರು ನಿಂತು ಫೋಟೋ ತೆಗೆಯಲು ನನಗೆ ಧೈರ್ಯವಿರಲಿಲ್ಲ. ಅವರು ದಾಟಿಹೋದ ಮೇಲೆ ಗುಂಡಿ ಒತ್ತುತ್ತಿದ್ದೆ. ಡಾರ್ಕ್ ರೂಮಿನ ಕೆಂಪು ದೀಪದಲ್ಲಿ (ಕೆಂಪು ಯಾಕೆಂದರೆ, ಬೇರೆ ಬೆಳಕಿಗೆ ಕಾಗದ ಕೆಟ್ಟುಹೋಗುತ್ತದೆ) ಅಣ್ಣ ಕಾಗದವನ್ನು ಔಷಧಿ ನೀರಿನಲ್ಲಿ ಆಡಿಸಿದರು. ನಿಧಾನಕ್ಕೆ ಒಂದು ಬೆನ್ನು ಮೂಡಿತು. ಮುಂದಿನದರಲ್ಲೂ ಬೆನ್ನು. ಸೇಲಂ ಜಂಕ್ಷನ್ನಿನ ಪ್ಲಾಟ್‌ಫಾರಂ ತುಂಬ ಜನ, ಒಬ್ಬರೂ ಈ ಕಡೆ ತಿರುಗಿರಲಿಲ್ಲ.

"ಕೇಳಿ ಎತ್ತು ತಂಬಿ," ಅಂದರು ಅಣ್ಣ. (ತಂಬಿ ಅಂದರೆ ತಮ್ಮ; ಎತ್ತುವುದು ಅಂದರೆ ಫೋಟೋ ತೆಗೆಯುವುದು, ತಮಿಳಿನ ಜೊತೆ ಬದುಕಿ ನಮಗೆ ಬಂದ ಮಾತು.) "ಮುಂದಿನ ರೋಲ್‌ನಲ್ಲಿ ಒಂದಾದ್ರೂ ಮುಖ ನನ್ನ ನೋಡ್ಬೇಕು. ಇಲ್ಲಾಂದ್ರೆ ಕ್ಯಾಮೆರಾ ವಾಪಸ್. ದೆವ್ವಕ್ಕೆ ಪಾದ ಹಿಂದುಮುಂದು ಅಂತಾರೆ, ನೀನೆತ್ತಿದೋರಿಗೆ ಮುಖಾನೇ ಇಲ್ವಲ್ಲ!"

೨. ಬೇಡ ಅನ್ನದವರು

ತಾರಮಂಗಲಂ ದೇವಸ್ಥಾನದ ಹೊರ ಮಂಟಪ, ಸಂಜೆ. ಕಂಬದ ಪಕ್ಕ ಒಬ್ಬರು ಟವೆಲ್ ಹೊದ್ದು ಕುಳಿತಿದ್ದರು. "ಅಯ್ಯಾ, ಒಂದು ಫೋಟೋ?" ಅಂತ ಮೂರು ಸಲ ಕೇಳಿದೆ. ನನ್ನ ದನಿಯೇ ಮಂಟಪ ಸುತ್ತಿ, ಬೇರೆ ಯಾರೋ ಕೇಳಿದ ಹಾಗೆ ಹಿಂದಿನಿಂದ ಬಂತು. ಹತ್ತಿರ ಹೋದೆ. ಕಣ್ಣು ತೆರೆದೇ ಇತ್ತು, ರೆಪ್ಪೆ ಬಡಿಯಲಿಲ್ಲ.

"ಅದು ಕಲ್ಲು ಕಣಪ್ಪಾ. ಟವಲ್ ನಂದು, ಒಣಗಾಕಿವ್ನಿ," ಅಂದರು ಹೂವು ಮಾರುವ ಅಕ್ಕ.

"ಹಾಗಾದರೆ ನಿಮ್ಮದೊಂದು ಎತ್ತಲಾ ಅಕ್ಕ?"

"ಬ್ಯಾಡ. ಅದು ಬ್ಯಾಡ ಅನ್ನಲ್ಲ, ಅದ್ನೇ ಎತ್ಕೋ."

೩. ಬಿಳಿ ಬಟ್ಟೆ

ರೋಲ್‌ನಲ್ಲಿ ಉಳಿದದ್ದು ಒಂದೇ ಫೋಟೋ. ನಮ್ಮೂರಿನಲ್ಲಿ ಬೆಳಗ್ಗೆ, ಅಣೆಕಟ್ಟಿನ ಕಡೆಯಿಂದ ಮಂಜು ಬೀದಿಗೆ ಬಂದಿತ್ತು. ಬೇವಿನ ಮರದ ಕಟ್ಟೆಯ ಮೇಲೆ ಎದುರುಮನೆ ಅಜ್ಜಿ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದರು. ಬಟ್ಟೆ ಅಲುಗುತ್ತಿರಲಿಲ್ಲ. ಮಲಗಿದವರನ್ನು ಕೇಳದೆ ತೆಗೆಯುವುದು ತಪ್ಪಲ್ಲವೇ? ಮೆಲ್ಲಗೆ ಕೇಳಿದೆ: "ಅಜ್ಜಿ, ಎತ್ತಲಾ?"

ಇಲ್ಲೊಂದು ವಿಷಯ ಹೇಳಬೇಕು. ಹೆಣ ಹೊರಡಿಸುವುದಕ್ಕೂ ನಮ್ಮಲ್ಲಿ ಎತ್ತುವುದು ಅಂತಲೇ ಅನ್ನುತ್ತಾರೆ. ನನಗದು ಆಗ ಹೊಳೆಯಲಿಲ್ಲ. ನೀರಿಗೆ ಹೊರಟಿದ್ದ ಪಕ್ಕದ ಮನೆ ಅಕ್ಕನಿಗೆ ಹೊಳೆಯಿತು. "ಅಯ್ಯೋ, ಅಜ್ಜಿ ಓಗ್ಬಿಟ್ರಾ!" ಅಂತ ಕೊಡ ಕೈಬಿಟ್ಟರು. ಮಂಜಿನೊಳಗಿಂದ ಒಬ್ಬೊಬ್ಬರೇ ಬಂದು ಕಟ್ಟೆಯ ಸುತ್ತ ನಿಂತರು. ಯಾರೋ ಪಿಸುಗುಟ್ಟಿದರು: "ಯಾವಾಗ ಎತ್ತೋದು?"

ಬಿಳಿ ಬಟ್ಟೆ ತಾನಾಗಿ ಎದ್ದು ಕುಳಿತಿತು.

"ಯಾರ್ನಲಾ ಎತ್ತೋದು? ನಾನಿನ್ನೂ ಕಾಪಿನೇ ಕುಡ್ದಿಲ್ಲ!"

ಹೆದರಿದ ನನ್ನ ಬೆರಳು ಗುಂಡಿ ಒತ್ತಿಬಿಟ್ಟಿತು.

ಕೆಂಪು ದೀಪದಲ್ಲಿ ಅಜ್ಜಿಯ ಮುಖ ನಿಧಾನಕ್ಕೆ ಮೂಡಿ ನಮ್ಮಿಬ್ಬರನ್ನೂ ದುರುಗುಟ್ಟಿ ನೋಡಿತು. ಅಣ್ಣ ಒಂದು ಹೆಜ್ಜೆ ಹಿಂದೆ ಸರಿದು, "ಕ್ಯಾಮೆರಾ ನೀನೇ ಇಟ್ಕೊ," ಅಂದರು.

ಅಜ್ಜಿಗೊಂದು ಪ್ರತಿ ಕೊಟ್ಟು, ಒಪ್ಪಿಗೆ ಇಲ್ಲದೆ ತೆಗೆದದ್ದಕ್ಕೆ ಕ್ಷಮೆ ಕೇಳಿದೆ. ಅವರು ಫೋಟೋದಲ್ಲಿ ತಮ್ಮ ಹಿಂದೆ ಮಂಜಿನೊಳಕ್ಕೆ ಓಡುತ್ತಿದ್ದ ಬೆನ್ನುಗಳ ಮೇಲೆ ಬೆರಳಿಟ್ಟರು.

"ನನ್ನನ್ನಾದ್ರೂ ಎತ್ತಲಾ ಅಂತ ಕೇಳ್ದೆ ನೀನು. ಇವ್ರನ್ನೆಲ್ಲ ಎತ್ತೋವಾಗ ಕೇಳಿದ್ಯಾ?"