ಭಾವನ ಅಡ್ಡಗೆರೆ

ಬೂಟಿನ ಮೇಲೆ ಕಾಲುಚೀಲ ಏರಿಸಿಕೊಂಡು ಹಾಡಹಗಲೇ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ನಡೆದಾಡಿದವರನ್ನು ನೀವು ನೋಡಿದ್ದೀರಾ? ನೋಡಿದ್ದರೆ ಅದು ನಮ್ಮ ಭಾವನೇ, ಅನುಮಾನ ಬೇಡ! "ನಿಮ್ಮ ಭಾವನಿಗೆ ಏನೋ ಆಗಿದೆ ಗುರು" ಎಂದು ಪಕ್ಕದ ಅಂಗಡಿಯವನು ಅಂದಾಗ ನಾನೂ ಹೂಂ ಎಂದು ತಲೆಯಾಡಿಸಿದ್ದೆ. ಹಾಗೆ ತಲೆಯಾಡಿಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರಾಗಿದ್ದು ನಿವೃತ್ತರಾದವರು. ಮನೆ ಬನಶಂಕರಿಯಲ್ಲಿ, ಆದರೆ ಬೆಳಗಿನ ವಾಸ ನನ್ನ ಡಿಟಿಪಿ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಇಬ್ಬರ ತಲೆನೋವೂ ಪತ್ರಿಕೆಯೇ. ನನ್ನದು ಲಗ್ನಪತ್ರಿಕೆ, ಅವರದು ವಿಜ್ಞಾನ ಪತ್ರಿಕೆ!

ಆರು ವರ್ಷದಿಂದ ಅವರು ಒಂದೇ ಲೇಖನ ಬರೆಯುತ್ತಿದ್ದರು. ಒಮ್ಮೆ ಧೈರ್ಯ ಮಾಡಿ ಏನೆಂದು ಕೇಳಿದೆ. ತೀರ ಸಣ್ಣ ಅಳತೆಗೆ ಇಳಿದರೆ, ಮೊದಲು ಉದ್ದ ಅಳೆದು ಆಮೇಲೆ ಅಗಲ ಅಳೆಯುವುದೂ, ಮೊದಲು ಅಗಲ ಆಮೇಲೆ ಉದ್ದ ಅಳೆಯುವುದೂ ಒಂದೇ ಅಲ್ಲವಂತೆ.

"ಗೊತ್ತು ಬಿಡಿ ಭಾವ, ಮೂವತ್ತು ನಲವತ್ತರ ಸೈಟು ನಲವತ್ತು ಮೂವತ್ತಾದ್ರೆ ವಾಸ್ತುನೇ ಹೋಯ್ತು" ಎಂದೆ.

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಪಾಠ ಅಲ್ಲಿಗೇ ನಿಲ್ಲಲಿಲ್ಲ. ಕಣಗಳು ಒಂದಕ್ಕೊಂದು ಢಿಕ್ಕಿ ಹೊಡೆಯುವುದನ್ನು ಗೆರೆ, ಚುಕ್ಕಿ ಇಟ್ಟು ಬರೆಯುತ್ತಾರಂತೆ; ಅದಕ್ಕೆ ಫೈನ್‌ಮನ್ ಚಿತ್ರ ಎಂದು ಹೆಸರು. ಒಂದೊಂದು ಚಿತ್ರಕ್ಕೂ ಒಂದೊಂದು ಲೆಕ್ಕ. ಲೆಕ್ಕ ಮಾಡಲು ಕೂತರೆ ಉತ್ತರ ಅನಂತ! ಆ ಅನಂತಗಳನ್ನೆಲ್ಲ ಒಂದೆರಡು ಕಡೆ ರಿಪೇರಿ ಮಾಡಿ ಅಡಗಿಸಲು ಬಂದರೆ ಸಿದ್ಧಾಂತ ಬದುಕಿತು, ಇಲ್ಲದಿದ್ದರೆ ಕಸದ ಬುಟ್ಟಿ. ತಮ್ಮ ಸಿದ್ಧಾಂತ ಬದುಕುತ್ತದೆ ಎಂದು ತೋರಿಸಿಯಾಗಿದೆ ಅನ್ನುವುದು ಭಾವನ ನಂಬಿಕೆ. ಬದುಕಿನಲ್ಲಿ ಅವರು ಆಸೆಪಟ್ಟಿದ್ದೂ ಅದೊಂದು ಲೇಖನ ಅಚ್ಚಾಗುವುದನ್ನೇ.

ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬರೆದುಕೊಡುವ ಕೆಲಸ ನನಗೆ ಬಿತ್ತು. ಹಳೇ ಪ್ರಶ್ನೆಪತ್ರಿಕೆಗಳ ಹಿಂಬದಿಯಲ್ಲಿ ಗೀಚಿ ತಂದಿದ್ದರು. ಮೂರು ಚಿತ್ರಗಳಲ್ಲಿ ಒಂದು ಗೆರೆ ಇನ್ನೊಂದರ ಮೇಲೆ ಅಡ್ಡಡ್ಡ ಹೋಗಿತ್ತು. ಪಾಪ, ವಯಸ್ಸಾದ ಕೈ ಅಂದುಕೊಂಡೆ. ಗಣಪತಿಯ ಸೊಂಡಿಲು ವರನ ಹೆಸರಿನ ಮೇಲೆ ಹೋದರೆ ಬೀಗರು ಬಿಡುತ್ತಾರೆಯೇ? ಮೂವತ್ತು ವರ್ಷದ ಕಸುಬು ನನ್ನದು! ಅಡ್ಡ ಬಂದ ಗೆರೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ ನೀಟಾಗಿ ಕೂರಿಸಿದೆ. ಭಾವ ಕಣ್ಣಿನ ಪೊರೆ ತೆಗೆಸಿ ವಾರವಾಗಿತ್ತು. ಕಪ್ಪು ಕನ್ನಡಕದಲ್ಲೇ ನೋಡಿ, "ಸಖತ್ತಾಗಿದೆ ಕಣೋ, ಮದುವೆಮನೆ ಥರ ಇದೆ" ಎಂದು ಕಳಿಸಿಯೇಬಿಟ್ಟರು.

ಕೆಲವು ತಿಂಗಳ ಮೇಲೆ ಏನಾಯಿತೆಂದು ಕೇಳಿದೆ. "ಅವರಿಗೆ ಹಿಡಿಸ್ಲಿಲ್ಲ" ಅಂದರು, ಅಷ್ಟೇ. ಅವರ ತಿಕ್ಕಲು ಶುರುವಾಗಿದ್ದು ಆಮೇಲೆಯೇ.

ಮೊದಲು ಕಾಲುಚೀಲದ ಪ್ರಕರಣ. "ಬೂಟು, ಕಾಲುಚೀಲ ಎರಡೂ ಹಾಕ್ಕೊಂಡಿದೀನಿ. ಏನು ತಪ್ಪು ಹೇಳು?" ಎಂದು ನನ್ನ ಮುಂದೆ ಕಾಲು ಚಾಚಿದರು. ಆಮೇಲೆ ಕಾಫಿ. ದರ್ಶಿನಿಯಲ್ಲಿ ಡಿಕಾಕ್ಷನ್, ಹಾಲು, ಸಕ್ಕರೆ ಬೇರೆ ಬೇರೆ ಲೋಟದಲ್ಲಿ ತರಿಸಿ, ಮುಖ ಹಿಂಡಿಕೊಂಡು ಒಂದೊಂದಾಗಿ ಕುಡಿದರು. ಕೌಂಟರಿನವನು ಬೆರಗಾಗಿ ಕೇಳಿದ: "ಸಾರ್, ಕಾಫಿ ಕುಡೀತಿದೀರಾ, ಔಷಧಿ ತಗೋತಿದೀರಾ?"

ಮೂರನೆಯ ಸಲ ನನ್ನ ಹೊಟ್ಟೆಪಾಡಿಗೇ ಕೈ ಹಾಕಿದರು. ಒಂದು ಲಗ್ನಪತ್ರಿಕೆಯ ಪ್ರೂಫ್ ಎತ್ತಿಕೊಂಡು, "ಮೊದಲು ಊಟ, ಆಮೇಲೆ ಮುಹೂರ್ತ ಅಂತ ಹಾಕು. ಏನು ವ್ಯತ್ಯಾಸ?" ಎಂದರು.

"ಅಯ್ಯೋ ಭಾವ! ಊಟ ಮಾಡಿ ಎಲ್ಲಾ ಎದ್ದು ಹೋಗ್ತಾರೆ, ಅಕ್ಷತೆ ಹಾಕೋಕೆ ಯಾರಿರ್ತಾರೆ?"

"ಹಾಗಾದ್ರೆ ಯಾವುದಾದ ಮೇಲೆ ಯಾವುದು ಅನ್ನೋದು ಮುಖ್ಯ ಅಂತೀಯಾ?"

"ಮತ್ತೆ? ಅದಲುಬದಲು ಮಾಡಿದ್ರೆ ನನ್ನ ಅಂಗಡಿ ಮುಚ್ಬೇಕಾಗತ್ತೆ!"

ಭಾವನ ಮುಖ ಅರಳಿತು. "ಭೇಷ್! ನೀನು ಬುದ್ಧಿವಂತ" ಎಂದು ಬೆನ್ನು ತಟ್ಟಿ, ಚೀಲದಿಂದ ಅದೇ ಮೂರು ಚಿತ್ರ ತೆಗೆದರು. ಅಡ್ಡಗೆರೆಗಳು ಈಗ ಕೆಂಪು ಇಂಕಿನಲ್ಲಿದ್ದವು. "ಇನ್ನೊಂದ್ಸಲ ಬರೆದುಕೊಡ್ತೀಯಾ? ದಾಟಿದ ಗೆರೆ ದಾಟಿದ ಹಾಗೇ ಇರ್ಲಿ."

"ಸೀಸನ್ ಮುಗೀಲಿ ಭಾವ, ಮಾಡ್ತೀನಿ."

"ಆತುರ ಇಲ್ಲ ಕಣೋ."

ಸೀಸನ್ ಮುಗಿಯಿತು, ಆಷಾಢ ಬಂತು. ಆಷಾಢದಲ್ಲಿ ಲಗ್ನವೆಲ್ಲಿ? ನಾನು ತಿಂಗಳಿಡೀ ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತ ಕೂತೆ. ಭಾವ ದಿನವೂ ಬಂದು ಕುರ್ಚಿಯಲ್ಲಿ ಕೂತು, ಪೇಪರ್ ಓದಿ ಎದ್ದು ಹೋದರು. ಒಂದು ದಿನವೂ ಬಾಯಿಬಿಟ್ಟು ಕೇಳಲಿಲ್ಲ. ಶ್ರಾವಣದಲ್ಲಿ ಎದೆನೋವೆಂದು ಆಸ್ಪತ್ರೆ ಸೇರಿದವರು ಮೂರನೇ ದಿನಕ್ಕೆ ಹೋಗಿಬಿಟ್ಟರು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅಕ್ಕ ಒಂದು ಫೈಲು ಕೊಟ್ಟಳು. "ಇದು ನಿಂದೇ ಇರ್ಬೇಕು ನೋಡೋ." ಮೇಲೆಯೇ ವಿಜ್ಞಾನ ಪತ್ರಿಕೆಯವರ ಕಾಗದ. ಗೆರೆ ದಾಟಿದರೆ ಮೊದಲು, ಆಮೇಲೆ ಎಂಬುದು ಅದಲುಬದಲಾಗುತ್ತದೆ, ಹಾಗಾಗಿ ದಾಟುವ ಚಿತ್ರವೂ ದಾಟದ ಚಿತ್ರವೂ ಬೇರೆ ಬೇರೆ ಎಂಬ ಮೊದಲ ಪಾಠವೇ ಈ ಲೇಖಕರಿಗೆ ತಿಳಿದಂತಿಲ್ಲ, ಆದ್ದರಿಂದ ಮುಂದೆ ಓದಲಿಲ್ಲ ಎಂದು ಬರೆದಿದ್ದರು. ಇಡೀ ಲೇಖನ ನಿಂತಿದ್ದೇ ಆ ಮೂರು ಅಡ್ಡಗೆರೆಗಳ ಮೇಲೆ ಎಂದು ಭಾವ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದರು. ಅವನ್ನು ನೀಟು ಮಾಡಿದವನು ನಾನು.

ಕೆಳಗೆ ಪೆನ್ಸಿಲಿನಲ್ಲಿ ಭಾವನ ಉತ್ತರದ ಕರಡು: ತಪ್ಪು ನನ್ನದೇ, ಕಣ್ಣಿನ ಆಪರೇಷನ್ ಆಗಿತ್ತು, ಹೊಸ ಚಿತ್ರ ಕಳಿಸುತ್ತೇನೆ. ಲೇಖನದ ಕೊನೆಯ ಪುಟದಲ್ಲಿ, ಚಿತ್ರಗಳನ್ನು ಅಂದವಾಗಿ ಬರೆದುಕೊಟ್ಟ ಭಾವಮೈದುನನಿಗೆ ಧನ್ಯವಾದ ಎಂಬ ಸಾಲು. ಅದನ್ನು ಅವರು ಹೊಡೆದುಹಾಕಿರಲಿಲ್ಲ.

ಕಾಗದದ ತಾರೀಖು ನೋಡಿದೆ. ಅದು ಕಾಲುಚೀಲದ ವಾರ! ಆ ಬೂಟು, ಆ ಕಾಫಿ, ಆ ಊಟ ಮುಹೂರ್ತ ಎಲ್ಲವೂ ನನಗೇ ಪಾಠ. ನೀನು ಕೆಡಿಸಿದೆ ಎಂದು ಒಂದು ಮಾತು ಅನ್ನದೆ ನನಗೆ ಅರ್ಥ ಮಾಡಿಸಲು, ಊರವರಿಂದ ಹುಚ್ಚ ಅನ್ನಿಸಿಕೊಂಡರಲ್ಲ ನಮ್ಮ ಭಾವ! ನಾನು ಅಲ್ಲೇ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಅಕ್ಕನನ್ನು ಅಂಗಡಿಗೆ ಕರೆತಂದು, ಅವಳ ಎದುರೇ ಮೂರು ಚಿತ್ರವನ್ನೂ ಬರೆದೆ. ದಾಟಿದ ಗೆರೆ ದಾಟಿದ ಹಾಗೇ. ಇನ್ನು ಕಳಿಸಬಹುದು, ಆದರೆ ಅಲ್ಲಿಂದ ಪ್ರಶ್ನೆ ಬಂದರೆ ಉತ್ತರ ಹೇಳುವವರಿಲ್ಲ. ಮೊದಲು ಚಿತ್ರ, ಆಮೇಲೆ ಸೀಸನ್ ಆಗಬೇಕಿತ್ತು. ನಾನು ಅದಲುಬದಲು ಮಾಡಿದೆ.

ಎಲ್ಲ ಸೇರಿ ಹಿಡಿದದ್ದು ಅರ್ಧ ಗಂಟೆ. ಅಕ್ಕ ಭಾವನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದವಳು ಕೇಳಿದಳು: "ಇಷ್ಟಕ್ಕೇನೋ ಅವರು ಆಷಾಢವೆಲ್ಲಾ ಇಲ್ಲಿ ಬಂದು ಕೂತ್ಕೋತಿದ್ದಿದ್ದು?"

"ಹೂಂ ಅಕ್ಕ, ಇಷ್ಟಕ್ಕೇ" ಎಂದೆ.