ಅಲ್ಲಲ್ಲಿ ಮಳೆ

ನಮ್ಮ ದೊಡ್ಡಮ್ಮನಿಗೆ ಹೆದರದ ಮೋಡ ಹೆತ್ತೂರು ಕಡೆ ಇರಲೇ ಇಲ್ಲ ಎಂದರೆ ನೀವು ನಗಬಹುದು. ನಗಿ. ಆಕೆ ರೇಡಿಯೋದ ಹವಾಮಾನ ವರದಿಗೇ ಪರೀಕ್ಷೆ ಇಟ್ಟಿದ್ದವಳು!

ಅಡುಗೆಮನೆಯ ಗೂಡಿನಲ್ಲಿ ಎರಡು ಗಾಜಿನ ಬಾಟಲಿ. ಸಂಜೆ ರೇಡಿಯೋ ಹೇಳಿದ್ದು ಮರುದಿನ ನಿಜವಾದರೆ ‘ಸರಿ’ ಬಾಟಲಿಗೆ ಒಂದು ಕಾಫಿ ಬೀಜ, ಸುಳ್ಳಾದರೆ ‘ತಪ್ಪು’ ಬಾಟಲಿಗೆ. ಅಂಗಳದಲ್ಲಿದ್ದ ಮಳೆ ಅಳೆಯುವ ಡಬ್ಬ ನೋಡದೆ ತೀರ್ಪಿಲ್ಲ. ಒಣಹಾಕಿದ ಕಾಫಿಯೆಲ್ಲ ನೆನೆದುಹೋದ ದಿನವೂ, ರೇಡಿಯೋ ಮಳೆ ಎಂದಿದ್ದರೆ, ಮುಖ ಸಿಂಡರಿಸದೆ ‘ಸರಿ’ ಬಾಟಲಿಗೇ ಬೀಜ. ಅಂಥ ನ್ಯಾಯ ಕಂಡು ನಮಗೆ ಮೈ ಜುಮ್ಮೆನ್ನುತ್ತಿತ್ತು.

ಆಕೆಯನ್ನು ಕಂಗೆಡಿಸಿದ್ದು ಒಂದೇ ಪದ, ‘ಅಲ್ಲಲ್ಲಿ’. ಮಲೆನಾಡಿನ ಅಲ್ಲಲ್ಲಿ ಮಳೆ ಎಂದರೆ ಯಾರಲ್ಲಿ? ಫೋನ್ ಬಂದಮೇಲೆ ಸಕಲೇಶಪುರದಿಂದ ಪಾಳ್ಯದವರೆಗಿನ ನೆಂಟರಿಗೆಲ್ಲ ಫೋನ್ ಮಾಡಿ ಮಳೆ ವಿಚಾರಿಸುವಳು. ಕ್ಷೇಮ ಸಮಾಚಾರ ಆಮೇಲೆ, ನೆನಪಾದರೆ. ಎಲ್ಲೋ ಒಂದು ಕಡೆ ನಾಲ್ಕು ಹನಿ ಬಿದ್ದೇ ಇರುತ್ತಿತ್ತು. ಸರಿ ಎನ್ನಲು ಮನಸ್ಸಿಲ್ಲ, ತಪ್ಪು ಎನ್ನಲು ಸಾಕ್ಷಿಯಿಲ್ಲ. ಕೊನೆಗೆ ‘ಅಲ್ಲಲ್ಲಿ’ಗೆಂದೇ ಮೂರನೇ ಬಾಟಲಿ ಬಂತು. ಅದೇ ಎಲ್ಲಕ್ಕಿಂತ ಮೊದಲು ತುಂಬಿತು.

ನಮ್ಮ ತೋಟಗಳಲ್ಲಿ ಮಳೆಯ ಲೆಕ್ಕ ಇಂಚಿನಲ್ಲಿ, ಇಂಚಿನ ನೂರನೇ ಪಾಲು ಸೆಂಟಿನಲ್ಲಿ. ನನ್ನನ್ನು ನೋಡಲು ಮಂಡ್ಯ ಕಡೆಯವರು ಬಂದಾಗ ದೊಡ್ಡಮ್ಮನ ಮೊದಲ ಪ್ರಶ್ನೆ, ಅವರಲ್ಲಿ ಎಷ್ಟು ಸೆಂಟು ಎಂದು. ತಮ್ಮ ಮನೆಯಲ್ಲಿ ಯಾರೂ ಸೆಂಟು ಹಾಕಿಕೊಳ್ಳುವುದಿಲ್ಲ ಎಂದು ಹುಡುಗನ ತಂದೆ ಗಾಬರಿಯಿಂದ ಹೇಳಿದರು. ಆದರೂ ಮದುವೆ ನಿಶ್ಚಯವಾಯಿತು.

ಮದುವೆಗೆ ಪಾಳ್ಯದ ನಮ್ಮ ಅಂಗಳದಲ್ಲಿ ಬರೀ ತೆಂಗಿನ ಗರಿಯ ಚಪ್ಪರ, ಮಳೆ ಬಂದರೆ ತಡೆಯುವಂಥದ್ದಲ್ಲ. ಅತ್ತ ದೊಡ್ಡಮ್ಮನ ತೋಟದಲ್ಲಿ ಕಾಫಿ ಮೊಗ್ಗು ತನ್ನನ್ನು ಅರಳಿಸುವ ಹೂಮಳೆಗೆ ಕಾದಿತ್ತು. ಇನ್ನೂ ತಡವಾದರೆ ಆ ವರ್ಷದ ಫಸಲೇ ಇಲ್ಲ. ಮದುವೆಯ ಹಿಂದಿನ ಸಂಜೆ ರೇಡಿಯೋ ‘ಅಲ್ಲಲ್ಲಿ’ ಎಂದಿತು. ಮದುವೆಗೆಂದು ನಮ್ಮಲ್ಲಿಗೆ ಬಂದಿದ್ದ ಆಕೆಯ ಮುಖವನ್ನು ಎಲ್ಲರೂ ನೋಡಿದೆವು.

“ನನ್ ತೋಟಕ್ಕೆ ಬರ್ದಿದ್ರೂ ಬುಡು ಮಾರಾಯ, ನಾಳೆ ಇಲ್ಲಿ ಮಾತ್ರ ಬರ್ಬ್ಯಾಡ” ಎಂದು ರೇಡಿಯೋಗೇ ಕೈಮುಗಿದಳು.

ಮರುದಿನ ಒಂದು ಹನಿಯೂ ಬೀಳಲಿಲ್ಲ. ತೋಟದ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿದರೆ ಹೆತ್ತೂರಲ್ಲೂ ಬಿಸಿಲು. ಗಂಡನ ಮನೆಗೆ ಹೊರಟಾಗ ಆಕೆಯ ಕಾಲಿಗೆ ಬಿದ್ದು, ಇವತ್ತಿನ ಬೀಜ ‘ತಪ್ಪು’ ಬಾಟಲಿಗೆ ತಾನೇ ಎಂದು ಕೇಳಿದೆ. ಮೋಡಗಳನ್ನೇ ಗದರಿಸುತ್ತಿದ್ದವಳ ಕಣ್ಣಲ್ಲಿ ನೀರು ಕಂಡದ್ದು ಅಂದೇ ಮೊದಲು. ನನಗೂ ತಡೆಯಲಾಗಲಿಲ್ಲ. ಚಪ್ಪರದ ಕಂಬ ಹಿಡಿದು ಅಳುತ್ತಿದ್ದ ನನ್ನ ಅವ್ವನತ್ತ ತೋರಿಸಿ, ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಸರಿ ಬಾಟ್ಲಿಗೇ ಕಣೇ. ಅಲ್ಲಿ ನಿಮ್ಮವ್ವ, ಇಲ್ಲಿ ನಾನು. ಅಲ್ಲಲ್ಲಿ ಬಂದೈತಲ್ಲ.”