ಮೊಸರನ್ನದ ಟೈಗರ್

ನಿರ್ಮಲಮ್ಮ ನಾಯಿಯ ಬೆಲ್ಟನ್ನು ಕೈಗೆ ಕೊಡುವಾಗಲೇ ಶಿವಮೂರ್ತಿ ಏನಾದರೊಂದು ನೆಪ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಬಾಡಿಗೆಗೆ ಇರುವವನ ಬಾಯಲ್ಲಿ ಮನೆಯ ಯಜಮಾನಿಯ ಎದುರು ‘ಆಗಲ್ಲ’ ಎಂಬ ಮಾತು ಎಲ್ಲಿಂದ ಬರಬೇಕು?

"ಇವತ್ತೊಂದಿನ ನೋಡ್ಕಳ್ರಿ ಶಿವಮೂರ್ತಿ. ಆನಗೋಡಿನ ಮದುವೆ ಮುಗಿಸ್ಕಂಡು ಸಂಜೀಗೆ ಬಂದ್ಬಿಡ್ತೀವಿ. ಮಧ್ಯಾಹ್ನ ಮೊಸರನ್ನ ಹಾಕ್ರಿ, ಡಬ್ಬಿಯಾಗೆ ಐತೆ. ಉಪ್ಪಿನಕಾಯಿ ಮಾತ್ರ ಬ್ಯಾಡ, ಖಾರ ತಡೆಯಲ್ಲ ಅವನು."

ಅವನು ಎಂದರೆ ಟೈಗರ್. ಕರುವಿನಷ್ಟು ಗಾತ್ರದ ಲ್ಯಾಬ್ರಡಾರ್. ಹೆಸರು ಹುಲಿಯದು, ಊಟ ಮೊಸರನ್ನದ್ದು. ಮರಿಯಾಗಿದ್ದಾಗಿನಿಂದ ನಿರ್ಮಲಮ್ಮ ಅದಕ್ಕೆ ಮೊಟ್ಟೆಯ ವಾಸನೆಯನ್ನೂ ತೋರಿಸಿರಲಿಲ್ಲ. ಸೋಮವಾರ ಒಂದೇ ಹೊತ್ತು ಊಟ. ದಿನಾ ಪೂಜೆ ಮುಗಿದ ಮೇಲೆ ಹಣೆಗೆ ವಿಭೂತಿ. "ನಮ್ ಟೈಗರ್ ಹಿಂದಿನ ಜನ್ಮದಾಗೆ ಯಾವುದೋ ಮಠದಾಗೆ ಇದ್ದಿರಬೇಕು" ಎಂದು ಓಣಿಯವರಿಗೆಲ್ಲ ಹೇಳುತ್ತಿದ್ದರು. ಟೈಗರ್ ಕೂಡ ಕಣ್ಣು ಅರ್ಧ ಮುಚ್ಚಿ ಆ ಮಾತಿಗೆ ತಕ್ಕ ಮುಖ ಮಾಡಿಕೊಂಡು ಕೂತಿರುತ್ತಿತ್ತು.

ಆಕೆಯ ಗಂಡ ಕರಿಬಸವರಾಜ ಮಂಡಿಪೇಟೆಯಲ್ಲಿ ಬೇಳೆಕಾಳಿನ ಸಗಟು ವ್ಯಾಪಾರಿ. ಆತ ಕಾರಿನ ಬಾಗಿಲು ಹಿಡಿದು ಗೊಣಗುತ್ತಿದ್ದ. "ಭಾನುವಾರ ನಾನೂ ಟೈಗರೂ ಹರಿಹರದ ಗುಡಿಗೆ ಹೋಗೋದು ತಪ್ಪಿಸಿದೋರಲ್ಲ. ಇವತ್ತು ನೀನೊಬ್ಬಳೇ ಹೋಗಿ ಬರಬಾರ್ದಾ?"

"ದೇವ್ರು ಮುಂದಿನ ವಾರಾನೂ ಅಲ್ಲೇ ಇರ್ತಾನೆ, ಹತ್ರಿ ಸುಮ್ನೆ."

ಕಾರು ಹೋಯಿತು. ಶಿವಮೂರ್ತಿ ಬೆಲ್ಟು ಹಿಡಿದು ಮೆಟ್ಟಿಲ ಮೇಲೆ ಕೂತ. ನಾಯಿಗಿದ್ದ ಕಾನೂನೇ ಮಹಡಿಯ ಬಾಡಿಗೆದಾರರಿಗೂ ಇತ್ತು. ಮಾಂಸ, ಮೊಟ್ಟೆ ಮನೆಯೊಳಗೆ ಬರಬಾರದು, ಹೊರಗೆ ತಿಂದು ಬಂದದ್ದೂ ಗೊತ್ತಾಗಬಾರದು. ಹಬ್ಬಕ್ಕೊಮ್ಮೆ ಕುರಿ ಕಾಣುವ ಮನೆತನದ ಶಿವಮೂರ್ತಿ ಇದಕ್ಕೆ ಒಪ್ಪಿದ್ದು ಒಂದೇ ಕಾರಣಕ್ಕೆ: ಈ ಮನೆಯ ನಲ್ಲಿಯಲ್ಲಿ ನೀರು ಬರುತ್ತಿತ್ತು. ನೀರಿಲ್ಲದ ಮನೆಗಳಲ್ಲಿ ಕೊಡ ಹೊತ್ತು ಸಾಕಾಗಿದ್ದ ಹೆಂಡತಿ ಪುಷ್ಪಲತಾ ಬಂದ ದಿನವೇ ಎಚ್ಚರಿಸಿದ್ದಳು: "ಈ ಮನೆ ಕಳ್ಕಂಡ್ರೋ, ನಾನು ಲೋಕಿಕೆರೆಗೆ ಅಮ್ಮನ ಮನೆಗೆ. ನೀವು ಬಸ್‌ಸ್ಟ್ಯಾಂಡಿಗೆ." ಇವತ್ತು ಅವಳು ಲೋಕಿಕೆರೆಯಲ್ಲೇ ಇದ್ದಳು, ತಂಗಿಯ ಮಗುವಿನ ನಾಮಕರಣಕ್ಕೆ.

ಆಗ ಮಹೇಂದ್ರನ ಫೋನ್ ಬಂತು. ಇಬ್ಬರೂ ಒಂದೇ ಸಹಕಾರಿ ಸಂಘದ ಗುಮಾಸ್ತರು. ಮಹೇಂದ್ರನಿಗೆ ಬಡ್ತಿ ಸಿಕ್ಕಿತ್ತು.

"ಲೇ ಶಿವು, ಹರಿಹರಕ್ಕೆ ಬಾ. ಹೊಳೆ ಕಡೆ ಹೊಸ ಬಾರ್ ಆಗೈತಲ್ಲ, ಅಲ್ಲಿ ಕೂತೀವಿ. ಕಬಾಬ್ ಹೇಳೀನಿ."

ದಾವಣಗೆರೆಯಲ್ಲಿ ಬಾರುಗಳಿಗೇನೂ ಬರವಿಲ್ಲ. ಆದರೆ ನಮ್ಮ ಊರಿನ ಮರ್ಯಾದಸ್ಥರು ಕುಡಿಯಬೇಕಾದರೆ ಹರಿಹರಕ್ಕೆ ಹೋಗುತ್ತಾರೆ, ಹರಿಹರದ ಮರ್ಯಾದಸ್ಥರು ದಾವಣಗೆರೆಗೆ ಬರುತ್ತಾರೆ. ದಾರಿಯಲ್ಲಿ ಎದುರಾದರೆ ಇಬ್ಬರೂ ಕಿಟಕಿಯಾಚೆ ಹೊಲ ನೋಡುತ್ತಾರೆ. ಶಿವಮೂರ್ತಿಗೆ ಕುಡಿತದ ಆಸೆ ಅಷ್ಟಾಗಿ ಇರಲಿಲ್ಲ. ಕಬಾಬ್ ಎಂಬ ಮಾತು ಕೇಳಿದ್ದೇ ಹೊಟ್ಟೆಯೊಳಗೆ ಏನೋ ಎದ್ದು ಕೂತಿತು.

"ಬರಾಕೆ ಆಗಲ್ಲೋ. ಓನರ್ ನಾಯಿ ನನ್ ಕೊರಳಿಗೆ ಬಿದ್ದೈತೆ."

"ಕರ್ಕಂಡೇ ಬಾ! ಇಲ್ಲಿ ನಾಯಿಗೂ ಸ್ವಾಗತ ಅಂತ ಬೋರ್ಡೇ ಹಾಕ್ಯಾರೆ. ಅವಕ್ಕೆ ಬ್ಯಾರೆ ಕುರ್ಚಿ, ಬ್ಯಾರೆ ಮೆನು. ಬೆಂಗಳೂರಾಗೆ ಶುರುವಾಗಿದ್ದು ಈಗ ನಮ್ ಕಡೆಗೂ ಬಂದೈತೆ."

ಮೊದಲೆಲ್ಲ ಬಾರಿನ ನಾಯಿ ಎಂದರೆ ಹಿಂಬಾಗಿಲಲ್ಲಿ ಎಲುಬಿಗೆ ಕಾಯುವಂಥದ್ದು. ಈಗ ಅದು ಮುಂಬಾಗಿಲಿನಿಂದ ಒಳಗೆ ಹೋಗಿ ಮೆನು ಕೇಳುತ್ತದೆ. ಕಾಲ ಬದಲಾಯಿತು ಎಂದುಕೊಂಡರೂ ಶಿವಮೂರ್ತಿ ಮೊದಲು ನಾಯಿಯನ್ನು ಗೇಟಿಗೆ ಕಟ್ಟಿ ಒಬ್ಬನೇ ಹೋಗಿಬರಲು ನೋಡಿದ. ಅವನು ತಿರುವು ದಾಟುವ ಮೊದಲೇ ಟೈಗರ್ ಓಣಿಗೆಲ್ಲ ಕೇಳುವಂತೆ ಊಳಿಟ್ಟಿತು. ಅವನು ಓಡಿ ವಾಪಸು ಬಂದ. ಮೊಸರನ್ನದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ನಾಯಿಯನ್ನು ಓಣಿಯ ತುದಿಯಲ್ಲಿ ನಿಲ್ಲುವ ರೌಫನ ಆಟೋಗೆ ಕರೆಸಿ ಹತ್ತಿಸುವಾಗ ಪಕ್ಕದ ಮನೆಯ ರೇವತಿ ಕಾಂಪೌಂಡಿನ ಮೇಲೆ ಮುಖ ತೂರಿಸಿದಳು.

"ಟೈಗರ್ನ ಎಲ್ಲಿಗ್ ಕರ್ಕಂಡ್ ಹೊಂಟ್ರಿ?"

"ಡಾಕ್ಟ್ರ ಹತ್ರ" ಎಂದು ಬಾಯಿಗೆ ಬಂದದ್ದನ್ನು ಹೇಳಿದ.

"ಅಯ್ಯೋ ಶಿವನೇ! ಏನಾತು?"

"ಸ್ವಲ್ಪ... ಹೊಟ್ಟೆ" ಎನ್ನುವುದರೊಳಗೆ ಆಟೋ ಹೊರಟಿತು.

ರೇವತಿಯ ಕಿವಿಗೆ ಬಿದ್ದ ಸುದ್ದಿ ಆನಗೋಡು ಮುಟ್ಟಲು ಎಷ್ಟು ಹೊತ್ತು? ಆಟೋ ಊರು ದಾಟುವಷ್ಟರಲ್ಲಿ ನಿರ್ಮಲಮ್ಮನ ಫೋನ್ ಬಂತು. ಹಿಂದೆ ಮದುವೆಯ ವಾಲಗ ಕೇಳುತ್ತಿತ್ತು.

"ಟೈಗರ್‌ಗೆ ಏನಾಗೈತ್ರಿ? ಭೇದಿಯಾ? ವಾಂತಿಯಾ?"

"ಏನಿಲ್ಲ ಅಮ್ಮಾರೆ, ಸ್ವಲ್ಪ ಮಂಕಾಗಿದ್ದ. ಡಾಕ್ಟ್ರು ನೋಡಿ ಆರಾಮದಾನೆ ಅಂದ್ರು."

"ಫೋನ್ ಅವನ ಕಿವಿ ಹತ್ರ ಹಿಡೀರಿ."

ಹಿಡಿದ. ಗಾಳಿಗೆ ಕಿವಿ ಹಾರಿಸುತ್ತ ಕೂತಿದ್ದ ಟೈಗರ್ ಉತ್ತರ ಕೊಡಲಿಲ್ಲ. ಆ ಕಡೆ ನಿರ್ಮಲಮ್ಮ ಬಿಕ್ಕಿದರು. "ಮಾತಾಡ್ತಿಲ್ಲ ನೋಡ್ರಿ ಅವ್ನು! ನಾವು ಊಟ ಬಿಟ್ಟು ಈಗ್ಲೇ ಹೊರಟ್ವಿ."

ಶಿವಮೂರ್ತಿ ರೌಫನಿಗೆ ವಾಪಸು ತಿರುಗಿಸು ಎನ್ನಬೇಕೆಂದುಕೊಂಡ. ಅಷ್ಟರಲ್ಲಿ ಹರಿಹರ ಹತ್ತಿರ ಬಂದಿತ್ತು. ಒಂದೇ ಒಂದು ತುಂಡು ಬಾಯಿಗೆ ಹಾಕಿಕೊಂಡು ಓಡೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡ. ಟೈಗರ್‌ಗೆ ಮಾತ್ರ ಒಂದು ಚೂರೂ ತಾಕಬಾರದು, ವಾಸನೆಯೂ ಬಡಿಯಬಾರದು.

ಬಾರಿನ ಬಾಗಿಲಲ್ಲಿ ಬೆಲ್ಟು ಕೈಯಿಂದ ಜಾರಿತು. ಟೈಗರ್ ಯಾರನ್ನೂ ಕೇಳದೆ ಒಳಗೆ ನುಗ್ಗಿ, ನಾಲ್ಕು ಟೇಬಲ್ಲು ಸುತ್ತಿಕೊಂಡು, ಹೊಳೆ ಕಾಣುವ ಕಿಟಕಿಯ ಪಕ್ಕದ ಕುರ್ಚಿ ಹತ್ತಿ ಕೂತಿತು. ಮಹೇಂದ್ರನ ಗುಂಪು ಬೇರೆ ಮೂಲೆಯಲ್ಲಿ ಕೈ ಬೀಸುತ್ತಿತ್ತು. ಶಿವಮೂರ್ತಿ ಎಳೆದ, ಗದರಿಸಿದ, ಕೊನೆಗೆ ಕೈ ಮುಗಿದ. ವಿಭೂತಿ ಹಚ್ಚಿದ ಆ ಮುಖ ಅಲ್ಲಾಡಲಿಲ್ಲ. ಅವನೇ ಸೋತು ಎದುರು ಕೂತು, ಡಬ್ಬಿ ತೆಗೆದು ಮೊಸರನ್ನ ಮುಂದಿಟ್ಟ. ಟೈಗರ್ ಮೂಸಿ ನೋಡಿ ಮುಖ ತಿರುಗಿಸಿತು.

"ಏನ್ ಸಾರ್, ಇವ್ನಿಗೆ ಮೊಸರನ್ನಾನಾ?" ಸರ್ವರ್ ಕಲ್ಲಪ್ಪ ಹಲ್ಲು ಬಿಡುತ್ತ ಬಂದ. ಕೈಯಲ್ಲಿ ಕೆಂಪಗೆ ಹೊಗೆಯಾಡುವ ಕಬಾಬಿನ ತಟ್ಟೆ. "ಟೈಗರ್, ಯಾಕೋ ಲೇಟು? ಸಾವ್ಕಾರ್ರು ಎಲ್ಲಿ ಇವತ್ತು?"

ಶಿವಮೂರ್ತಿ ತಡೆಯಲು ಕೈ ಚಾಚುವಷ್ಟರಲ್ಲಿ ತಟ್ಟೆ ಅರ್ಧ ಖಾಲಿಯಾಗಿತ್ತು.

"ಯಾ... ಯಾವ ಸಾವ್ಕಾರ್ರು?"

"ಅದೇ ಮಂಡಿಪೇಟೆಯೋರು. ಬಿಳೀ ಪಂಚೆ, ಹಣೆ ತುಂಬ ವಿಭೂತಿ. ಪ್ರತಿ ಭಾನುವಾರ ಗುಡಿ ಮುಗಿಸ್ಕಂಡು ಇದೇ ಟೇಬಲ್ಲಿಗೆ ಬರ್ತಾರೆ. ಅವ್ರಿಗೆ ಎರಡು ವಿಸ್ಕಿ, ಇವ್ನಿಗೆ ಒಂದು ಪ್ಲೇಟು. ನಾಯಿನ ಒಳಗೆ ಬಿಡ್ತೀರಾ ಅಂತ ಮೊದ್ಲು ಬಂದು ಕೇಳಿದೋರೇ ಅವ್ರು."

ಶಿವಮೂರ್ತಿ ಎಷ್ಟೋ ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಗಿ ಗಟ್ಟಿಯಾಗಿ ನಕ್ಕ. ಇನ್ನು ಯಾರ ಭಯ? ಇನ್ನೊಂದು ಪ್ಲೇಟ್ ತರಿಸಿ, ಟೈಗರ್ ಜೊತೆ ಸಮನಾಗಿ ಹಂಚಿಕೊಂಡು ತಿಂದ. ಮಹೇಂದ್ರನ ಗುಂಪಿಗೆ ಕೈ ಬೀಸಿ ಹೊರಟ.

ಆದರೆ ಊರು ಹತ್ತಿರವಾದಂತೆ ಆ ಧೈರ್ಯ ಕರಗತೊಡಗಿತು. ಬೀಡಾ ಅಂಗಡಿಯ ಮುಂದೆ ಆಟೋ ನಿಲ್ಲಿಸಿ ಏಲಕ್ಕಿ ಕೊಂಡು, ಅರ್ಧ ತಾನು ಜಗಿದು, ಉಳಿದರ್ಧ ಟೈಗರ್ ಬಾಯಿಗೆ ಹಾಕಿದ. ಟೈಗರ್ ಅದನ್ನು ಅವನ ಪ್ಯಾಂಟಿನ ಮೇಲೇ ಉಗಿಯಿತು.

ಮನೆ ಮುಂದೆ ನಿರ್ಮಲಮ್ಮ ಮದುವೆಯ ಇಳಕಲ್ ಸೀರೆಯಲ್ಲೇ ನಿಂತಿದ್ದರು. ಪಕ್ಕದಲ್ಲಿ ರೇವತಿ, ಹಿಂದೆ ಕರಿಬಸವರಾಜ. "ಬಂದ್ಯಾ ನನ್ನಪ್ಪಾ" ಎಂದು ನಿರ್ಮಲಮ್ಮ ಟೈಗರ್ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. ಹಿಡಿದವರು ಹಾಗೇ ನಿಂತರು. ಮೀಸೆಗೆ ಕೆಂಪು ಮಸಾಲೆ ಅಂಟಿತ್ತು.

"ಶಿವಮೂರ್ತಿ, ಏನ್ ತಿನ್ಸಿದ್ರಿ ಇವನಿಗೆ?"

ಶಿವಮೂರ್ತಿ ಕರಿಬಸವರಾಜನ ಕಡೆ ನೋಡಿದ. ಹೆಂಡತಿಯ ಬೆನ್ನ ಹಿಂದೆ ನಿಂತಿದ್ದ ಸಾಹುಕಾರನಿಗೆ ಒಂದೇ ನೋಟದಲ್ಲಿ ಎಲ್ಲ ಅರ್ಥವಾಯಿತು. ಆತ ಎರಡೂ ಕೈ ಜೋಡಿಸಿ ಎದೆಗೆ ಒತ್ತಿಕೊಂಡ. ಮಂಡಿಪೇಟೆಯ ಹಮಾಲರೆಲ್ಲ ಎದ್ದು ನಿಲ್ಲುವ ಮನುಷ್ಯ ತನ್ನ ಬಾಡಿಗೆದಾರನಿಗೆ ಕೈ ಮುಗಿಯುತ್ತಿದ್ದ. ಶಿವಮೂರ್ತಿ ಮನಸ್ಸಿನಲ್ಲೇ ಹಾಕಿದ ಲೆಕ್ಕ ಇಷ್ಟು: ತಪ್ಪು ತನ್ನ ಮೇಲೆ ಹಾಕಿಕೊಂಡರೆ ಸಾಹುಕಾರ ಜನ್ಮದಲ್ಲಿ ತನ್ನನ್ನು ಮನೆ ಬಿಡಿಸಲಾರ.

"ನಾನೇ ಅಮ್ಮಾರೆ. ಹರಿಹರದ ಬಾರಿಗೆ ಕರ್ಕಂಡ್ ಹೋಗಿ ಕಬಾಬ್ ತಿನ್ಸಿದೆ. ತಪ್ಪಾತು."

ರೇವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಿರ್ಮಲಮ್ಮ ಮೆಟ್ಟಿಲ ಮೇಲೆ ಕುಸಿದು ಅತ್ತರು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡರು.

"ಹೋಗ್ಲಿ ಬಿಡ್ರಿ. ಕೊನೆಗಾದ್ರೂ ಸುಳ್ಳು ಹೇಳದೆ ಒಪ್ಕಂಡ್ರಲ್ಲ, ಅದೇ ದೊಡ್ಡದು. ನೀವೇನ್ ಮನೆ ಬಿಡಬ್ಯಾಡ್ರಿ. ಮುಂದಿನ ಭಾನುವಾರ ನಾನೂ ಇವ್ರ ಜೊತೆ ಹರಿಹರಕ್ಕೆ ಹೋಗ್ತೀನಿ. ಟೈಗರ್ನ ಹೊಳ್ಯಾಗೆ ಮೀಯಿಸಿ, ಅವನ ಹಿಂದೆ ಹಿಂದೆ ನಡ್ಕಂಡೇ ಗುಡಿಗೆ ಹೋಗ್ತೀನಿ. ದಾರಿ ಅವನಿಗೆ ಗೊತ್ತೈತಲ್ಲ, ವಾರವಾರ ಹೋಗ್ತಿದ್ದ."

ಶಿವಮೂರ್ತಿಯ ಜೀವ ವಾಪಸು ಬಂತು. ಕರಿಬಸವರಾಜನ ಜೀವ ಹೋಯಿತು. ಹೊಳೆಯಿಂದ ಟೈಗರ್ ಹಿಡಿಯುವ ದಾರಿ ಯಾವುದೆಂದು ಅಲ್ಲಿದ್ದವರಲ್ಲಿ ಗೊತ್ತಿದ್ದದ್ದು ಇಬ್ಬರಿಗೇ.

"ಆಗಂಗಿಲ್ಲ!" ಸಾಹುಕಾರ ಗುಡುಗಿದ. ಗೇಟಿನ ಮೇಲಿದ್ದ ಕಾಗೆ ಹಾರಿಹೋಯಿತು. "ಮೀಯಿಸಿದ್ರೆ ಹೋಗೋ ಪಾಪ ಏನೇ ಇದು? ನಮ್ ಮನೆ ಅಂದ್ರೆ ಏನ್ ತಿಳ್ಕಂಡೀರಿ? ಬಾರಿಗೆ ಹೋದ ನಾಯಿನೂ ಬ್ಯಾಡ, ಕರ್ಕಂಡ್ ಹೋದ ಮನುಷ್ಯನೂ ಬ್ಯಾಡ. ಇಬ್ರೂ ಈಗ್ಲೇ ಹೊರಗೆ ನಡೀರಿ. ಸಾಮಾನು ನಾಳೆ ತಗಂಡ್ ಹೋಗು!"

"ಸಾವ್ಕಾರ್ರೆ, ನಾನು..."

"ಒಂದ್ ಮಾತಾಡಬ್ಯಾಡ!"

ನಿರ್ಮಲಮ್ಮ ಗಂಡನನ್ನು ಇಷ್ಟು ಧರ್ಮನಿಷ್ಠನಾಗಿ ಯಾವತ್ತೂ ಕಂಡಿರಲಿಲ್ಲ. ತಾನೇ ಸಡಿಲವಾದೆನೆಂದು ನಾಚಿಕೊಂಡು, ಅಳುತ್ತಲೇ ಟೈಗರ್‌ನ ಹಾಸಿಗೆ ಮತ್ತು ತಟ್ಟೆಯನ್ನು ತಂದು ಶಿವಮೂರ್ತಿಯ ಕೈಯಲ್ಲಿಟ್ಟರು. ಈಗ ಬಾಯಿಬಿಟ್ಟು ನಿಜ ಹೇಳಿದರೂ ನಂಬುವವರು ಯಾರೂ ಇರಲಿಲ್ಲ.

ಮುಂದಿನ ಓಣಿಯಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡು ಕಂಡು ಶಿವಮೂರ್ತಿ ಬಾಗಿಲು ತಟ್ಟಿದ. ಬಾಗಿಲು ತೆರೆದವರು ಅವನ ಮುಖ ನೋಡಲಿಲ್ಲ, ಬೆಲ್ಟಿನ ಇನ್ನೊಂದು ತುದಿಯನ್ನು ನೋಡಿದರು. "ನಾಯಿ ಇರೋರಿಗೆ ಕೊಡಲ್ರಿ." ಅದರ ಮುಂದಿನ ಓಣಿಯಲ್ಲೂ ಅದೇ ಮಾತು. ನಡುವೆ ಪುಷ್ಪಲತಾಳ ಫೋನ್ ಬಂತು. ನಾಮಕರಣ ಚೆನ್ನಾಗಿ ಆಯಿತು, ನಾಳೆ ಬೆಳಿಗ್ಗೆ ಬರುತ್ತೇನೆ, ನೀರು ಹಿಡಿದಿಡಿ ಎಂದಳು. ಅವನು ಹ್ಞೂಂ ಎಂದ.

ಕೊನೆಗೆ ದಾರಿ ಬದಿಯ ಕಟ್ಟೆಯ ಮೇಲೆ ಕೂತ. ಟೈಗರ್ ಅವನ ಕಾಲ ಮೇಲೆ ತಲೆಯಿಟ್ಟು ತೃಪ್ತಿಯಿಂದ ತೇಗಿತು. ಮನುಷ್ಯನನ್ನೂ ನಾಯಿಯನ್ನೂ ಒಟ್ಟಿಗೆ ಒಳಗೆ ಬಿಡುವ ಜಾಗ ಇಡೀ ಜಿಲ್ಲೆಯಲ್ಲಿ ಹರಿಹರದ ಆ ಬಾರೊಂದೇ ಎನಿಸಿ ಅವನಿಗೆ ಅಳು ಬಂತು. ಆಗ ಫೋನ್ ಮತ್ತೆ ಬಡಿದುಕೊಂಡಿತು. ಕರಿಬಸವರಾಜ! ಶಿವಮೂರ್ತಿ ಧಡಕ್ಕನೆ ಎದ್ದು ನಿಂತ. ಸಾಹುಕಾರ ದೊಡ್ಡ ಮನುಷ್ಯ, ಹೆಂಡತಿ ಎದುರು ಹಾಗೆ ಕೂಗಿದ್ದು ಅಷ್ಟೇ. ಈಗ ವಾಪಸು ಕರೆಯುತ್ತಾನೆ.

"ಸಾವ್ಕಾರ್ರೆ, ಹೇಳ್ರಿ!"

ಬಚ್ಚಲಮನೆಯಿಂದ ಮಾತಾಡುವವನಂತೆ ಆತ ಪಿಸುಗುಟ್ಟಿದ. "ಶಿವಮೂರ್ತಿ, ಭಾನುವಾರ ಮಧ್ಯಾಹ್ನ ಅವನ್ನ ಕರ್ಕಂಡ್ ಅಲ್ಲಿಗೇ ಬಾ. ಒಬ್ನೇ ಕೂತ್ರೆ ನಂಗೆ ಕುಡಿಯಾಕೆ ಮನಸ್ಸಾಗಲ್ಲ. ಆಮೇಲೆ, ಅಲ್ಲಿತಂಕ ಕಬಾಬ್ ಕೊಡ್ಸೋದಾದ್ರೆ ಎಲುಬು ಇಲ್ಲದ್ದು ಹೇಳು. ಎಲುಬು ಅವನ ಗಂಟ್ಲಿಗೆ ಸಿಗಾಕ್ಕಂತೈತೆ."